ಗಂಟೆಗೆ ನಾನೂರು

ಶಿಡ್ಲಘಟ್ಟದ ಕನಕರಾಜನಿಗೆ ಸಾಫ್ಟ್‌ವೇರು ಬೇಕಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಡೆದದ್ದನ್ನು ಕೇಳಿದವರು, ಅದಿಲ್ಲದೆ ಆತನ ವ್ಯಾಪಾರವೇ ನಿಂತುಹೋಗಿತ್ತೇನೋ ಎಂದುಕೊಂಡಾರು. ಆತನ ವ್ಯಾಪಾರವೆಂದರೆ ನೂರ ನಲವತ್ತು ಚಂದ್ರಂಕಿ. ರೇಷ್ಮೆ ಹುಳು ಹಣ್ಣಾದಾಗ ಗೂಡು ಕಟ್ಟಲೆಂದು ಬಿಡುವ ಆಳೆತ್ತರದ ಬಿದಿರು ತಟ್ಟಿಗಳವು. ಸುತ್ತಲಿನ ಹನ್ನೊಂದು ಜನ ರೈತರು ಬೆಳೆ ಬಂದಾಗ ಬಾಡಿಗೆಗೆ ಒಯ್ಯುತ್ತಿದ್ದರು, ಗೂಡು ಬಿಡಿಸಿಕೊಂಡು ತಂದು ಹಾಕುತ್ತಿದ್ದರು. ಯಾರು ಎಷ್ಟು ಒಯ್ದರೆಂಬುದನ್ನು ಕನಕರಾಜ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಸೀಸದಕಡ್ಡಿಯಲ್ಲಿ ಬರೆದಿಡುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಒಂದು ಚಂದ್ರಂಕಿಯೂ ಕಳೆದಿರಲಿಲ್ಲ.

ವಯಸ್ಸು ಐವತ್ತೆರಡು, ಮದುವೆಯಾಗಿಲ್ಲ. ಆಗಬಾರದೆಂಬ ಹಟವೇನೂ ಇರಲಿಲ್ಲ. ಒಂದು ಕಾಲದಲ್ಲಿ ಹೆಣ್ಣು ನೋಡಲು ಮಂಡಿಕಲ್ಲು, ಕೈವಾರ ಎಂದು ಸುತ್ತಿ ಸುತ್ತಿ, ಯಾವ ಊರಿನ ಉಪ್ಪಿಟ್ಟೆಂದು ಕಣ್ಣು ಮುಚ್ಚಿ ಹೇಳುವಷ್ಟು ಅನುಭವ ಗಳಿಸಿದ್ದ. ಅಷ್ಟರಲ್ಲಿ ತಾಯಿ ಹಾಸಿಗೆ ಹಿಡಿದಳು. ಆಕೆಗೆ ಗಂಜಿ ಕುಡಿಸುತ್ತಾ, ಹಾಸಿಗೆಯಿಂದಲೇ ಆಕೆ ಹೇಳಿಕೊಟ್ಟಂತೆ ಅಡುಗೆ ಮಾಡುತ್ತಾ ಎಂಟು ವರ್ಷ ಹೋದದ್ದು ಗೊತ್ತಾಗಲಿಲ್ಲ. ಮೂರು ವರ್ಷದ ಹಿಂದೆ ಆಕೆಯೂ ಹೋದ ಮೇಲೆ ಆ ಮನೆಯಲ್ಲಿ ಬಾಯಿ ಬಿಡುವವರು ಇಬ್ಬರೇ ಉಳಿದರು: ಕುಕ್ಕರ್ ಮತ್ತು ಹಲ್ಲಿ.

ಎಡವಟ್ಟು ಶುರುವಾದದ್ದು ಗೌರಿಬಿದನೂರಿನಲ್ಲಿ, ಚಿಕ್ಕಪ್ಪನ ಮಗ ರಮೇಶ್‌ಬಾಬುವಿನ ಗೃಹಪ್ರವೇಶದ ಪಂಕ್ತಿಯಲ್ಲಿ. ಆ ದಿನ ಬೆಳಗಿನಿಂದ ಕನಕರಾಜನನ್ನು ಜನ ಮಾತಾಡಿಸಿದ್ದು ಎರಡು ಸಲ. ಒಬ್ಬರು "ಸ್ವಲ್ಪ ಸರ್ಕೊಂತೀರಾ?" ಎಂದಿದ್ದರು. ಇನ್ನೊಬ್ಬರು "ಅನ್ನ ಹಾಕ್ಲಾ?" ಎಂದಿದ್ದರು. ಎಲ್ಲರ ಕಿವಿಯೂ ರಮೇಶ್‌ಬಾಬುವಿನ ಕಡೆಗಿತ್ತು. ಆತ ಕೋಳಿ ಫಾರಂ ಇಟ್ಟವನು.

"ಫಾರಂಗೆ ಆ್ಯಪ್ ಮಾಡ್ಸಿದೀನಿ. ಕೋಳಿಗೆ ನೀರು ಖಾಲಿ ಆದ್ರೆ ನನ್ ಫೋನ್ ಬಡ್ಕೊಂತದೆ. ಒಂದೂವರೆ ಲಕ್ಷ ಬಿತ್ತು," ಎಂದು ಹೇಳಿ ಹೋಳಿಗೆಗೆ ತುಪ್ಪ ಹಾಕಿಸಿಕೊಂಡ.

ಕನಕರಾಜನ ಬಾಯಿಂದ ಮಾತು ಹೇಗೆ ಜಾರಿತೋ ಆತನಿಗೇ ತಿಳಿಯದು. "ನಾನೂ ಒಂದು ಸಾಫ್ಟ್‌ವೇರ್ ಮಾಡಿಸ್ತಾ ಇದೀನಿ," ಎಂದುಬಿಟ್ಟ.

ಪಂಕ್ತಿಯಲ್ಲಿ ಕೈಗಳು ನಿಂತವು. ಎದುರು ಸಾಲಿನಲ್ಲಿ ಕೂತಿದ್ದ ಅಕ್ಕ ಲಕ್ಷ್ಮೀನರಸಮ್ಮ ತಲೆ ಎತ್ತಿದಳು. ಚಿಂತಾಮಣಿಯಲ್ಲಿ ಗಂಡ, ಎರಡು ಎಮ್ಮೆ, ಮೂವರು ಮೊಮ್ಮಕ್ಕಳ ನಡುವೆ ಉಸಿರಾಡಲೂ ಪುರುಸೊತ್ತಿಲ್ಲದ ಹೆಂಗಸು ಆಕೆ.

"ಯಾತಕ್ಕೋ ನಿಂಗೆ?" ಎಂದಳು ಆಕೆ.

"ಎಷ್ಟಕ್ಕೆ?" ಎಂದ ರಮೇಶ್‌ಬಾಬು.

"ಯಾರ್ ಹತ್ರ?" ಎಂದರು ಪಕ್ಕದವರು. ಈವರೆಗೂ ಸರಿದುಕೋ ಎನ್ನುತ್ತಿದ್ದವರು ತಾವೇ ಹತ್ತಿರ ಸರಿದರು.

ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ! ತಾಯಿ ಸತ್ತ ಹನ್ನೊಂದನೆಯ ದಿನದ ನಂತರ ಯಾರೂ ಆತನಿಗೆ ಒಂದರ ಬೆನ್ನಿಗೆ ಇನ್ನೊಂದು ಪ್ರಶ್ನೆ ಕೇಳಿರಲಿಲ್ಲ. ಕನಕರಾಜ ಗಂಭೀರವಾಗಿ ಬೆರಳು ನೆಕ್ಕಿಕೊಂಡು, "ಇನ್ನೂ ಕೊಟೇಶನ್ ಬರ್ಬೇಕು," ಎಂದ. ಆಡಿದ ಮೇಲೆ ಉಳಿಸಿಕೊಳ್ಳಬೇಕಲ್ಲ, ಮುಂದಿನ ಸೋಮವಾರವೇ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದ.

ಅಲ್ಲಿ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಐದು ಜನರ ಒಂದು ಸಾಫ್ಟ್‌ವೇರ್ ಆಫೀಸು. ದೂರದ ದೇಶದ ಕಂಪನಿಗಳು ತಮಗೆ ದುಬಾರಿಯಾದ ಕೆಲಸವನ್ನು ಅಲ್ಲಿಗೆ ಕಳಿಸುತ್ತಿದ್ದವು. 'ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ' ಎಂಬ ಗಾದೆ ಆ ದೇಶಗಳಲ್ಲಿಲ್ಲ. ಇದ್ದಿದ್ದರೆ ಆ ಐವರು ಹಸಿದುಕೊಂಡಿರಬೇಕಾಗಿತ್ತು. ಯಜಮಾನ ಮುರಳಿಮೋಹನ್ ಕನಕರಾಜನಿಗೆ ಕುರ್ಚಿ ಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡ. ಮೂಲೆಯಲ್ಲಿ ಕೂತಿದ್ದ ತನುಜ ಎಂಬ ಹೆಣ್ಣುಮಗಳು ಬರೆದುಕೊಂಡಳು. ಮೂವತ್ತೈದರ ಸಂಸಾರಸ್ಥೆ, ಆಫೀಸಿನಲ್ಲಿ ಅರ್ಧ ಕೆಲಸ ಮಾಡುವವಳು ಆಕೆಯೇ, ಉಳಿದ ಅರ್ಧ ಮಾಡಿಸುವವಳೂ ಆಕೆಯೇ.

"ಅಣ್ಣ, ನೂರ ನಲವತ್ತು ತಟ್ಟಿಗೆ ನೋಟ್‌ಬುಕ್ ಸಾಕಲ್ವಾ?" ಎಂದು ಕೇಳಿಯೇಬಿಟ್ಟಳು.

"ಬೇಡಮ್ಮ. ಕೊಟೇಶನ್ ಕೊಡಿ," ಎಂದ ಕನಕರಾಜ. ಮೂಗಿಗಿಂತ ಮೂಗುತಿ ಭಾರ ಎಂದು ಆತನಿಗೂ ಗೊತ್ತಿತ್ತು. ಆದರೆ ಮೂಗುತಿ ಮಾಡಿಸುತ್ತೇನೆಂದು ಪಂಕ್ತಿಯಲ್ಲಿ ಹೇಳಿಯಾಗಿತ್ತು.

ಮುರಳಿಮೋಹನ್ ಲೆಕ್ಕ ಬಿಡಿಸಿಟ್ಟ. "ಎರಡು ಥರ ಇದೆ ಸಾರ್. ಒಂದು ಫಿಕ್ಸೆಡ್. ಏನೇನು ಬೇಕು ಅಂತ ಈಗ್ಲೇ ಬರ್ದು ಸೈನ್ ಹಾಕ್ತೀರಿ, ಮೂವತ್ತೈದು ಸಾವಿರ, ಒಂದೂವರೆ ತಿಂಗಳಿಗೆ ಕೈಗೆ ಕೊಡ್ತೀವಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇರ್ಲಿ ಅಂತ ಅದರಲ್ಲೇ ಸ್ವಲ್ಪ ಜಾಸ್ತಿ ಇಟ್ಕೊಂಡಿರ್ತೀವಿ. ಇನ್ನೊಂದು ಅವರ್ಲಿ. ಎಷ್ಟು ಗಂಟೆ ಕೆಲಸ ಆಗತ್ತೋ ಅಷ್ಟಕ್ಕೆ ಬಿಲ್. ಮಧ್ಯೆ ಏನು ಬೇಕಾದ್ರೂ ಬದಲಾಯಿಸ್ಕೋಬಹುದು."

ಕನಕರಾಜನ ಮುಖ ಅರಳಿತು. "ಅಂದ್ರೆ ಒಂದು ಗುತ್ತಿಗೆ, ಒಂದು ಕೂಲಿ ಅನ್ನಪ್ಪ!"

"ಹಾಗೇ ಅನ್ಕೊಳ್ಳಿ. ನಿಮ್ಮಂಥ ಚಿಕ್ಕ ಕೆಲಸಕ್ಕೆ ಫಿಕ್ಸೆಡ್ಡೇ ಅನುಕೂಲ."

"ಗುತ್ತಿಗೆ ಬ್ಯಾಡ. ಗುತ್ತಿಗೆಯವನು ಮುಗಿಸಿ ಓಡ್ಬೇಕು ಅಂತಾನೇ ಬಂದಿರ್ತಾನೆ. ಕೂಲಿಯವನು ನಿಂತ್ಕೊಂಡು ಮಾಡ್ತಾನೆ. ನಾವೂ ಬದೀಲಿ ನಿಂತ್ಕೊಂಡು ನೋಡ್ಬೋದು, ನಾಕು ಮಾತಾಡ್ಬೋದು."

ಕೂಲಿಯೆಂದ ಮೇಲೆ ದರ ಮುರಿಯಬೇಕು. ಕನಕರಾಜ ಹೆಗಲ ಮೇಲಿನ ಟವೆಲ್ಲನ್ನು ಮೇಜಿನ ಮೇಲೆ ಹಾಸಿ, ಅದರಡಿಯಲ್ಲಿ ಮುರಳಿಮೋಹನನ ಕೈ ಎಳೆದುಕೊಂಡು ನಾಲ್ಕು ಬೆರಳು ಒತ್ತಿದ. ದನದ ಸಂತೆಯಲ್ಲಿ ದೊಡ್ಡವರು ವ್ಯಾಪಾರ ಮಾಡುವುದು ಹಾಗೆ, ಪಕ್ಕದವನಿಗೆ ದರ ತಿಳಿಯಬಾರದು. ಎಷ್ಟೋ ದೇಶಗಳ ಗಿರಾಕಿಗಳೊಡನೆ ದರ ಮಾತಾಡಿದ್ದ ಮುರಳಿಮೋಹನನ ಕೈಯನ್ನು ಮಾತ್ರ ಈವರೆಗೆ ಯಾರೂ ಹಿಡಿದಿರಲಿಲ್ಲ. ಗಾಬರಿಯಾಗಿ ಗಂಟೆಗೆ ಐನೂರು ಹೇಳಬೇಕೆಂದಿದ್ದವನು ನಾನೂರಕ್ಕೆ ಒಪ್ಪಿದ.

"ಸ್ಟೇಟಸ್ ಹೇಳೋಕೆ ತನುಜ ಅವ್ರು ದಿನಾ ಹನ್ನೊಂದು ಗಂಟೆಗೆ ಫೋನ್ ಮಾಡ್ತಾರೆ," ಎಂದ ಟವೆಲ್ಲಿನಿಂದ ಕೈ ಬಿಡಿಸಿಕೊಳ್ಳುತ್ತಾ.

"ದಿನಾನಾ?" ಎಂದ ಕನಕರಾಜ.

"ಭಾನುವಾರ ಬಿಟ್ಟು."

ಈ ಒಂದು ಕಲಮು ಮೊದಲೇ ತಿಳಿದಿದ್ದರೆ ಆತ ಐನೂರಕ್ಕೂ ಒಪ್ಪುತ್ತಿದ್ದನೇನೋ.

ಮರುದಿನ ಹತ್ತೂವರೆಗೇ ಕನಕರಾಜ ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು ಫೋನಿನ ಮುಂದೆ ಕೂತ. ಹನ್ನೊಂದಕ್ಕೆ ಸರಿಯಾಗಿ ಫೋನು ಬಂತು. ತನುಜ ಮೂರು ನಿಮಿಷದಲ್ಲಿ ಆದ ಕೆಲಸ ಹೇಳಿದಳು. ಕನಕರಾಜ ಬಿಡಲಿಲ್ಲ. ತಿಂಡಿ ಆಯಿತೇ, ಮಗಳು ಯಾವ ಕ್ಲಾಸು, ನಿಮ್ಮ ಕಡೆ ಬೋರ್‌ವೆಲ್ ನೀರು ಹೇಗಿದೆ ಎಂದೆಲ್ಲ ವಿಚಾರಿಸಿದ. ಅರ್ಧ ಗಂಟೆಯಾದ ಮೇಲೆ ತನುಜ, "ಅಣ್ಣ, ಮೀಟರ್ ಓಡ್ತಾ ಇದೆ," ಎಂದಳು.

"ಓಡ್ಲಿ ಬಿಡಮ್ಮ. ಆಟೋ ಹತ್ತಿದ ಮೇಲೆ ಮೀಟರ್ ಓಡದೆ ಇರ್ತದಾ?"

ಆದರೂ ಬರೀ ಹರಟೆಗೆ ಇನ್ನೊಬ್ಬರ ಕೆಲಸ ಕೆಡಿಸುವುದು ಸಭ್ಯತೆಯಲ್ಲ. ಅದಕ್ಕೆ ಕನಕರಾಜ ದಿನಕ್ಕೊಂದು ಬದಲಾವಣೆ ಯೋಚಿಸಿಟ್ಟುಕೊಳ್ಳತೊಡಗಿದ. ಚಂದ್ರಂಕಿಯ ಚಿತ್ರ ಹಳದಿ ಬೇಡ, ಹಸಿರಿರಲಿ. ಹಸಿರು ಕಣ್ಣಿಗೆ ಹೊಡೆಯುತ್ತದೆ, ಹಳದಿಯೇ ಇರಲಿ. ಇಲಿ ಕಡಿದ ಚಂದ್ರಂಕಿಗೆ ಬೇರೆ ಪುಟ ಬೇಕು. ರೈತನ ಹೆಸರಿನ ಕೆಳಗೆ ಆತನ ಮಕ್ಕಳ ಹೆಸರೂ ಬರಬೇಕು, ಬಂದಾಗ ವಿಚಾರಿಸಲು ಅನುಕೂಲ. ಆ್ಯಪ್ ತೆರೆದ ಕೂಡಲೇ ಗಂಟೆ ಬಾರಿಸಬೇಕು. ಗಂಟೆ ಬಾರಿಸಿತು. ಗಂಟೆ ಸ್ವಲ್ಪ ಮೆತ್ತಗಾಗಬೇಕು. ಮೆತ್ತಗಾಯಿತು. ಹೀಗೆ ಒಂದೂವರೆ ತಿಂಗಳ ಕೆಲಸಕ್ಕೆ ಐದು ತಿಂಗಳು ತುಂಬಿತು.

ಇನ್ನೊಂದು ತೊಡಕಿತ್ತು. ಕೂಲಿಗೆ ಬಂದವರಿಗೆ ಊಟ ಹಾಕದೆ ದುಡಿಸಿಕೊಳ್ಳುವುದು ಆ ಮನೆಯ ಪದ್ಧತಿಯಲ್ಲ. ಕನಕರಾಜ ವಾರಕ್ಕೆರಡು ದಿನ ನಾಲ್ಕು ಡಬ್ಬಿಯ ಕ್ಯಾರಿಯರ್ ಹಿಡಿದು ಚಿಕ್ಕಬಳ್ಳಾಪುರದ ಬಸ್ಸು ಹತ್ತತೊಡಗಿದ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಮೇಲೊಂದು ಡಬ್ಬಿ ಮಜ್ಜಿಗೆ. ತಾಯಿ ಹಾಸಿಗೆಯಿಂದ ಹೇಳಿಕೊಟ್ಟ ಬಸ್ಸಾರು ಅದು. ಅದರ ವಾಸನೆಗೆ ಕೆಳಗಿನ ಔಷಧಿ ಅಂಗಡಿಯವನೂ ಮೆಟ್ಟಿಲು ಹತ್ತಿ ಬರುತ್ತಿದ್ದ. ವಿದೇಶದ ಗಿರಾಕಿಯೊಬ್ಬ ವೀಡಿಯೊ ಕರೆಯಲ್ಲಿ, ನೀವೆಲ್ಲ ತಿನ್ನುತ್ತಿರುವ ಕಂದು ಚೆಂಡು ಯಾವುದೆಂದು ಕೇಳಿದನಂತೆ. ಆ ದಿನಗಳಲ್ಲಿ ಫೋನಿನ ಮಾತು ಎದುರೆದುರಿಗೇ ನಡೆಯುತ್ತಿತ್ತು.

ಇಷ್ಟಕ್ಕೆಲ್ಲ ಹಣ ಬೇಕಲ್ಲ, ಕನಕರಾಜ ಬ್ಯಾಂಕಿಗೆ ಹೋಗಿ ತಾಯಿ ಇಟ್ಟಿದ್ದ ಠೇವಣಿ ಮುರಿಸಿದ. ಆ ಬಾಂಡಿನ ಮೇಲೆ ಮುದುಕಿ ತನ್ನ ಸೊಟ್ಟ ಅಕ್ಷರದಲ್ಲಿ 'ಕನಕನ ಮದುವೆಗೆ' ಎಂದು ಬರೆದಿದ್ದಳು. ಕೌಂಟರಿನ ಆಫೀಸರು ಅದನ್ನು ಓದಿ, ಕನ್ನಡಕದ ಮೇಲಿಂದ ಕನಕರಾಜನ ಇಸ್ತ್ರಿ ಅಂಗಿ ನೋಡಿದರು.

"ಅಂತೂ ಕೂಡಿ ಬಂತಾ?"

"ಚಿಕ್ಕಬಳ್ಳಾಪುರದಲ್ಲಿ ಸಾರ್. ತನುಜ ಅಂತ ಒಬ್ರು, ಎಲ್ಲಾ ಅವರೇ ನೋಡ್ಕೊಳ್ತಾರೆ," ಎಂದ ಕನಕರಾಜ ಸಾಫ್ಟ್‌ವೇರಿನ ಧ್ಯಾನದಲ್ಲಿ.

ಆಫೀಸರು ಎದ್ದು ನಿಂತು ಕೈ ಕುಲುಕಿದರು. ಸಹಿ ಸ್ವಲ್ಪ ತಾಳೆಯಾಗದಿದ್ದರೆ ಮೂರು ದಿನ ಅಲೆದಾಡಿಸುವ ಆ ಬ್ಯಾಂಕಿನಲ್ಲಿ ಆ ದಿನ ಕಾಲು ಗಂಟೆಯಲ್ಲಿ ಹಣ ಕೈಗೆ ಬಂತು. ಶುಭ ಕಾರ್ಯಕ್ಕೆ ತಡ ಮಾಡಬಾರದೆಂದು ಆಫೀಸರೇ ಹೇಳಿದರು.

ಸರದಿಯಲ್ಲಿ ಹಿಂದೆ ನಿಂತಿದ್ದವಳು ಎದುರುಮನೆಯ ಶ್ಯಾಮಲಮ್ಮ. ಆಕೆಯ ಹಿಂದೆ ಯಾರೂ ಇರದಿದ್ದರೂ ನಷ್ಟವಿರಲಿಲ್ಲ. ಆಕೆಗೆ ತಿಳಿದರೆ ಬೀದಿಗೆ ತಿಳಿದಂತೆ. ತಲೆ ಬಾಚುವುದು, ಕ್ಯಾರಿಯರ್ ಒಯ್ಯುವುದು, ಹನ್ನೊಂದು ಗಂಟೆಗೆ ಬಾಗಿಲು ಮುಚ್ಚಿಕೊಂಡು ಗಂಟೆಗಟ್ಟಲೆ ಫೋನಿನಲ್ಲಿ ನಗುವುದು, ಎಲ್ಲವನ್ನೂ ಆಕೆ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಾ ನೋಡಿಟ್ಟುಕೊಂಡಿದ್ದಳು. ಈಗ ಹೆಸರೂ ಸಿಕ್ಕಿತು. ಸಂಜೆಯೊಳಗೆ ಚಿಂತಾಮಣಿಗೆ ಫೋನು ಹೋಯಿತು.

"ಲಕ್ಷ್ಮೀನರಸಮ್ಮೋ, ನಿನ್ ತಮ್ಮ ಹೆಣ್ ನೋಡ್ಕೊಂಡವ್ನೆ ಕಣೇ! ದುಡ್ಡೂ ತೆಗ್ದ. ವಾರಕ್ಕೆರಡು ಸಲ ಕ್ಯಾರಿಯರ್ ತಗೊಂಡು ಹೋಗ್ತವ್ನೆ!"

"ಕ್ಯಾರಿಯರ್ರಾ? ಆಸ್ಪತ್ರೆಗೇನಾದ್ರೂ..."

"ಆಸ್ಪತ್ರೆಗೆ ಯಾರಾದ್ರೂ ಸೆಂಟ್ ಹಾಕ್ಕೊಂಡು ಹೋಗ್ತಾರೇನೇ?"

ಲಕ್ಷ್ಮೀನರಸಮ್ಮ ಫೋನು ಇಟ್ಟು ಅತ್ತಳು. ತಮ್ಮ ತನಗೊಂದು ಮಾತೂ ಹೇಳಲಿಲ್ಲವೆಂದು ಅರ್ಧ ಅಳು, ಅಂತೂ ಆಯಿತಲ್ಲ ಎಂದು ಇನ್ನರ್ಧ. ಹಿರಿಯರಿಲ್ಲದ ಮನೆ, ಹುಡುಗ ಐವತ್ತೆರಡರವನಾದರೇನು, ತಾಂಬೂಲ ಹಿಡಿದು ಹೋಗಬೇಕಾದವಳು ತಾನಲ್ಲವೇ? ಆ ಶುಕ್ರವಾರವೇ, ಕನಕರಾಜ ಕ್ಯಾರಿಯರ್ ಹಿಡಿದು ಹತ್ತಿದ ಬಸ್ಸಿನ ಬೆನ್ನಿಗೆ ಬಾಡಿಗೆಯ ಓಮ್ನಿ ಹೊರಟಿತು. ಅದರಲ್ಲಿ ಗಂಡ ರಾಮಾಂಜಿನಪ್ಪ, ಗೌರಿಬಿದನೂರಿನಿಂದ ಬಂದ ರಮೇಶ್‌ಬಾಬು, ದಾರಿ ತೋರಿಸುವ ನೆಪದಲ್ಲಿ ಹತ್ತಿದ ಶ್ಯಾಮಲಮ್ಮ, ಒಂದು ರೇಷ್ಮೆ ಸೀರೆ, ಎರಡು ಮೊಳ ಮಲ್ಲಿಗೆ, ಐದು ತಟ್ಟೆ ಹಣ್ಣು. ರೇಷ್ಮೆ ಬೆಳೆಯುವ ಆ ಸೀಮೆಯ ಜನಕ್ಕೆ ರೇಷ್ಮೆ ಸೀರೆಯ ಬೆಲೆ ಚೆನ್ನಾಗಿ ಗೊತ್ತು. ಆದ್ದರಿಂದ ಅಗ್ಗದ್ದು ತರುವಂತಿರಲಿಲ್ಲ.

ಮೆಟ್ಟಿಲ ಮೇಲೆ ತಟ್ಟೆ ಹಿಡಿದ ಮೆರವಣಿಗೆ ಕಂಡಾಗ ಮುರಳಿಮೋಹನ್ ಯಾರೋ ದೊಡ್ಡ ಗಿರಾಕಿಗಳೇ ಬಂದರೆಂದು ಕುರ್ಚಿಗಳನ್ನು ಜೋಡಿಸಿದ. ಕನಕರಾಜ ಒಳಗಿನ ಕೋಣೆಯಲ್ಲಿ ಮುದ್ದೆ ಬಡಿಸುತ್ತಿದ್ದ.

"ಕನಕರಾಜ್ ಕಡೆಯವ್ರು ನಾವು. ಮಾತುಕತೆಗೆ ಬಂದಿದೀವಿ," ಎಂದ ರಾಮಾಂಜಿನಪ್ಪ ಗಂಟಲು ಸರಿಮಾಡಿಕೊಂಡು.

"ಬನ್ನಿ ಸಾರ್! ಅವ್ರು ಹೇಳಿ ನೀವೂ ಬಂದ್ರಾ? ಬಹಳ ಸಂತೋಷ."

"ನೀವು ಹುಡುಗಿ ಕಡೆ..."

"ಎಲ್ಲಾ ಜವಾಬ್ದಾರಿ ನಂದೇ ಸಾರ್. ಮೊದ್ಲು ಒಂದು ಮಾತು. ಫಿಕ್ಸೆಡ್ ಆದ್ರೆ ಖರ್ಚೆಷ್ಟು ಅಂತ ಈಗ್ಲೇ ಮಾತಾಡಿ ಮುಗ್ಸೋಣ. ಅರ್ಧ ಅಡ್ವಾನ್ಸು. ಒಪ್ಪಿದ ಮೇಲೆ ಇದು ಬೇಕು, ಅದು ಬೇಕು ಅನ್ನೋ ಹಾಗಿಲ್ಲ."

ರಾಮಾಂಜಿನಪ್ಪ ಹೆಂಡತಿಯ ಮುಖ ನೋಡಿದ. ಗಾಬರಿಗೆ ಬಾಯಲ್ಲಿ ತೆಲುಗು ಬಂತು. "ಏಮೇ ಇದಿ? ಹೆಣ್ಣಿನವ್ರೇ ಅಡ್ವಾನ್ಸ್ ಕೇಳ್ತವ್ರೆ!"

"ಒಂದು ವರ್ಷ ಏನೇ ತೊಂದ್ರೆ ಬಂದ್ರೂ ನಾವೇ ಬಂದು ಸರಿ ಮಾಡ್ಕೊಡ್ತೀವಿ," ಎಂದು ಮುರಳಿಮೋಹನ್ ಭರವಸೆ ಕೊಟ್ಟ.

"ಒಂದೇ ವರ್ಷಾನಾ?" ಎಂದಳು ಶ್ಯಾಮಲಮ್ಮ ಬೆರಗಾಗಿ.

"ಆಮೇಲೆ ಬೇಕಂದ್ರೆ ವರ್ಷ ವರ್ಷ ರಿನ್ಯೂ ಮಾಡ್ಕೋಬೋದು ಅಮ್ಮ."

ಲಕ್ಷ್ಮೀನರಸಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಅಯ್ಯೋ ದೇವುಡಾ! ಮೊದ್ಲು ಹುಡುಗೀನ ಕರೀರಪ್ಪ," ಎಂದಳು. ಆ ಹೊತ್ತಿಗೆ ಸರಿಯಾಗಿ ಒಳಗಿನಿಂದ ತನುಜ ಕೈ ತೊಳೆಯಲು ಬಂದಳು. ಕೊರಳಲ್ಲಿ ತಾಳಿ, ಕಾಲಲ್ಲಿ ಕಾಲುಂಗುರ, ಕೈಯಲ್ಲಿ ಮುದ್ದೆಯ ಅಂಟು. ಆಕೆಯ ಹಿಂದೆಯೇ ಸಾರಿನ ಸೌಟು ಹಿಡಿದ ಕನಕರಾಜ.

ಎಲ್ಲರೂ ಎಲ್ಲರನ್ನೂ ನೋಡಿದರು. ಶ್ಯಾಮಲಮ್ಮ ತಾಳಿಯನ್ನೇ ನೋಡಿದಳು.

"ಅಕ್ಕ! ನೀನ್ಯಾಕ್ ಬಂದೆ?" ಎಂದ ಕನಕರಾಜ. ಆತನ ಕೈಯ ಸೌಟು ಓರೆಯಾಗಿ ಬಸ್ಸಾರು ಮಲ್ಲಿಗೆಯ ಮೇಲೆ ತೊಟ್ಟಿಕ್ಕಿತು.

ವಿಷಯ ತಿಳಿಯಾಗಲು ಹತ್ತು ನಿಮಿಷ ಹಿಡಿಯಿತು. ತನುಜ ಗಂಡನ ಹೆಸರು, ಊರು, ಕೆಲಸ, ಮಗಳ ಕ್ಲಾಸು ಎಲ್ಲವನ್ನೂ ಹೇಳಬೇಕಾಯಿತು. ಮುರಳಿಮೋಹನ್ ಐದು ಸಲ ಕ್ಷಮೆ ಕೇಳಿದ. ಎಲ್ಲ ಮುಗಿದ ಮೇಲೆ ನಗಲು ಶುರುಮಾಡಿದವನು ರಮೇಶ್‌ಬಾಬು. ಕೋಳಿಗಳ ಸಂಗದಲ್ಲಿ ಬೆಳೆದ ನಗು ಅದು, ನಿಲ್ಲುತ್ತಿರಲಿಲ್ಲ.

"ಅದಿರ್ಲಿ, ಠೇವಣಿ ಮುರ್ದು ಅದೆಂಥಾ ಸಾಫ್ಟ್‌ವೇರ್ ಮಾಡಿಸ್ದೆ ಅಣ್ಣ? ಬಿಲ್ ಎಷ್ಟಾಯ್ತು?"

ಮುರಳಿಮೋಹನ್ ವ್ಯವಹಾರದಲ್ಲಿ ಒಳಗೊಂದು ಹೊರಗೊಂದು ಇಲ್ಲದವನು. ಗೋಡೆಯ ಟಿವಿಯ ಮೇಲೆ ಬಿಲ್ಲು ಹಾಕಿ ತೋರಿಸಿಬಿಟ್ಟ. ಒಟ್ಟು ಇನ್ನೂರ ನಲವತ್ತು ಗಂಟೆ, ತೊಂಬತ್ತಾರು ಸಾವಿರ. ರಮೇಶ್‌ಬಾಬು ಕುರ್ಚಿ ಎಳೆದುಕೊಂಡು ಓದತೊಡಗಿದ.

"ಪ್ರೋಗ್ರಾಂ ಬರ್ದಿದ್ದು ನಲವತ್ತೊಂದು ಗಂಟೆ. ಚೆಕ್ ಮಾಡಿದ್ದು ಹನ್ನೆರಡು. ಗಿರಾಕಿಯೊಂದಿಗೆ ಚರ್ಚೆ..." ಆತ ಎದ್ದು ಟಿವಿಯ ಹತ್ತಿರ ಹೋದ. "ನೂರಾ ಎಂಬತ್ತೇಳು ಗಂಟೆ! ನೂರ ನಲವತ್ತು ಚಂದ್ರಂಕಿಗೆ ನೂರಾ ಎಂಬತ್ತೇಳು ಗಂಟೆ ಏನಪ್ಪ ಚರ್ಚೆ ಮಾಡಿದ್ರಿ? ನನ್ ಹನ್ನೆರಡ್ ಸಾವ್ರ ಕೋಳಿಗೇ ನಾಕ್ ಗಂಟೆ ಆಗಿತ್ತು!"

"ಬೇಡ ಬಿಡು ಬಾಬು, ಹೊರಡಣ," ಎಂದ ಕನಕರಾಜ.

"ಇರಣ್ಣ. ಇವ್ರು ನಿನಗೆ ಟೋಪಿ ಹಾಕವ್ರೆ."

ಟೋಪಿ ಎಂದ ಕೂಡಲೇ ಮುರಳಿಮೋಹನನ ಮುಖ ಕೆಂಪಾಯಿತು. "ಒಂದೊಂದು ನಿಮಿಷಕ್ಕೂ ರೆಕಾರ್ಡ್ ಇದೆ ಸಾರ್, ನೋಡ್ಕೊಳ್ಳಿ," ಎಂದು ದಿನವಹಿಯ ಪಟ್ಟಿ ತೆರೆದೇಬಿಟ್ಟ. ತನುಜ "ಸಾರ್, ಅದನ್ನ ಬೇಡ," ಎನ್ನುವಷ್ಟರಲ್ಲಿ ರಮೇಶ್‌ಬಾಬು ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದಲು ಶುರುಮಾಡಿದ್ದ.

"ಮೂರನೇ ತಾರೀಕು. ಗಿರಾಕಿ ಉಪ್ಪಿಟ್ಟಿನ ಬಗ್ಗೆ ಹೇಳಿದರು. ಬದಲಾವಣೆ, ಹಳದಿ ಹೋಗಿ ಹಸಿರು. ಒಂದು ಗಂಟೆ." ನಗು. "ನಾಲ್ಕು. ಗಿರಾಕಿ ಹಲ್ಲಿಯ ಬಗ್ಗೆ ಹೇಳಿದರು. ಬದಲಾವಣೆ, ಹಸಿರು ಹೋಗಿ ಹಳದಿ. ಒಂದೂ ಕಾಲು ಗಂಟೆ." ಶ್ಯಾಮಲಮ್ಮ ಸೆರಗು ಬಾಯಿಗೊತ್ತಿಕೊಂಡಳು. "ಹನ್ನೊಂದು. ಗಿರಾಕಿಗೆ ಜ್ವರ. ಮಾತ್ರೆ ತಗೊಂಡ್ರಾ ಎಂದು ಕೇಳಿದೆ. ಬದಲಾವಣೆ ಇಲ್ಲ. ಇಪ್ಪತ್ತು ನಿಮಿಷ. ಹನ್ನೆರಡು. ಜ್ವರ ಇಳಿದಿಲ್ಲ. ಬೇರೆ ಯಾರಾದರೂ ಇದ್ದಾರಾ ಎಂದು ಕೇಳಿದೆ. ಗಂಟೆಯ ಸದ್ದು ಸ್ವಲ್ಪ ಮೆತ್ತಗಾಗಲಿ ಎಂದರು."

ಶ್ಯಾಮಲಮ್ಮ ಸೆರಗು ಕೆಳಗಿಳಿಸಿದಳು. ಎದುರುಮನೆಯ ಜಗಲಿಯಿಂದ ಎಲ್ಲ ಕಾಣುತ್ತಿದ್ದ ಆಕೆಗೆ ಆ ಎರಡು ದಿನ ಬಾಗಿಲು ತೆರೆಯದಿದ್ದದ್ದು ನೆನಪಿತ್ತು. ಫೋನಿನಲ್ಲಿ ಮುಳುಗಿದ್ದಾನೆ ಎಂದು ಅಂದುಕೊಂಡಿದ್ದಳು.

ಓದುವ ಭರದಲ್ಲಿದ್ದ ರಮೇಶ್‌ಬಾಬು ಮುಂದಿನ ಸಾಲಿಗೂ ಹೋದ. "ಇಪ್ಪತ್ತೆರಡು. ಗಿರಾಕಿಯ ತಾಯಿಯ ತಿಥಿ. ಎಡೆ ಇಟ್ಟು ಕಾಗೆಗೆ ಕಾಯುತ್ತಾ ಫೋನಿನಲ್ಲಿದ್ದರು. ಒಬ್ಬರೇ ಇದ್ದರು. ಕಾಗೆ ಬರುವವರೆಗೆ ಮಾತಾಡಿದೆವು. ಬದಲಾವಣೆ ಏನೂ ಇಲ್ಲ. ಎರಡು ಗಂಟೆ ಹತ್ತು ನಿಮಿಷ. ಬಿಲ್ ಮಾಡಬಾರದು."

ರಮೇಶ್‌ಬಾಬು ಟಿವಿಯ ಮುಂದಿನಿಂದ ಸರಿದು ಕುರ್ಚಿಯಲ್ಲಿ ಕೂತ. ಆ ತಿಥಿಗೆ ಲಕ್ಷ್ಮೀನರಸಮ್ಮ ಬಂದಿರಲಿಲ್ಲ. ಮೊಮ್ಮಗಳಿಗೆ ಪರೀಕ್ಷೆ, ಎಮ್ಮೆ ಬೇರೆ ಈಯುವುದಿತ್ತು, ಮುಂದಿನ ವರ್ಷ ಖಂಡಿತ ಎಂದಿದ್ದಳು. ಈಗ ಹಣ್ಣಿನ ತಟ್ಟೆ ಮಡಿಲಲ್ಲಿಟ್ಟುಕೊಂಡು ಟಿವಿಯನ್ನೇ ನೋಡುತ್ತಾ ಕೂತುಬಿಟ್ಟಳು. ಆಕೆಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

ಕನಕರಾಜನಿಗೆ ನಗು ನಿಂತದ್ದು ನಗುವಿಗಿಂತ ಕಷ್ಟವಾಯಿತು. "ಅದನ್ನೂ ಸೇರ್ಸಮ್ಮ ತನುಜ," ಎಂದ ಸೌಟು ನೋಡುತ್ತಾ. "ಕೂಲಿ ಅಂದ ಮೇಲೆ ಕೂಲಿ."

"ಅಣ್ಣ, ಕೆಲಸ ಮುಗ್ದು ಮೂರು ತಿಂಗಳಾಯ್ತು," ಎಂದಳು ತನುಜ ಮೆಲ್ಲಗೆ. "ನಾನೂ ಹೇಳೋಕಾಗದೆ ಸುಮ್ನಿದ್ದೆ. ಇನ್ನು ಎಳೆದ್ರೆ ನನಗೆ ಪಾಪ ಬರ್ತದೆ. ಇವತ್ತು ಮುಗ್ಸಿಬಿಡೋಣ."

ಕನಕರಾಜ ತಲೆಯಾಡಿಸಿದ. ಇಷ್ಟು ಜನರ ಎದುರಿಗೆ ಹೊಸ ಬದಲಾವಣೆ ಯಾವುದೂ ಹೊಳೆಯಲಿಲ್ಲ.

ತಂದ ತಾಂಬೂಲ ವಾಪಸು ಒಯ್ಯಬಾರದು. ಲಕ್ಷ್ಮೀನರಸಮ್ಮ ಎದ್ದು ತನುಜಳನ್ನು ಕೂರಿಸಿ ಅರಿಶಿನ ಕುಂಕುಮ ಕೊಟ್ಟು, ಸಾರು ಬೀಳದ ಕಡೆಯ ಮಲ್ಲಿಗೆ ಮುಡಿಸಿ, ಸೀರೆಯನ್ನೂ ಮಡಿಲಿಗಿಟ್ಟಳು. ತನುಜ ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. "ನಮ್ಮಮ್ಮನ ತಿಥೀಲಿ ಕಾಗೆ ಕಾದಿದೀಯ ಕಣಮ್ಮ. ನಾನ್ ಕಾಯ್ಬೇಕಾಗಿತ್ತು," ಎಂದಳು. ಆಮೇಲೆ ಎಲ್ಲರೂ ಕೆಳಗಿಳಿದರು. ಓಮ್ನಿಯಲ್ಲಿ ಕನಕರಾಜ ಖಾಲಿ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಕೂತ. ಶಿಡ್ಲಘಟ್ಟದವರೆಗೆ ಯಾರೂ ಮಾತಾಡಲಿಲ್ಲ. ಶ್ಯಾಮಲಮ್ಮ ಕೂಡ ಮಾತಾಡಲಿಲ್ಲ. ಬೀದಿಯ ಇತಿಹಾಸದಲ್ಲಿ ಇದು ಮೊದಲು.

ಸಾಫ್ಟ್‌ವೇರು ಬಹಳ ಚೆನ್ನಾಗಿತ್ತು. ಅದೇ ಅದರ ದೋಷ. ಒಂದು ವರ್ಷದೊಳಗೆ ಕೆಟ್ಟರೆ ಮಾತ್ರ ಫೋನು ಮಾಡಬಹುದೆಂಬ ಕರಾರಿತ್ತು. ಕನಕರಾಜ ದಿನಾ ಹನ್ನೊಂದಕ್ಕೆ ಅದನ್ನು ತೆರೆದು ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದ. ತಲೆಕೆಳಗಾಗಿ ಒತ್ತಿದ, ಒಟ್ಟೊಟ್ಟಿಗೆ ಎರಡು ಒತ್ತಿದ. ಅದು ಮೆತ್ತಗೆ ಗಂಟೆ ಬಾರಿಸಿ, ನೂರ ನಲವತ್ತೂ ಕ್ಷೇಮವೆಂದು ಹೇಳಿ ಸುಮ್ಮನಾಗುತ್ತಿತ್ತು.

ನಾಲ್ಕನೆಯ ದಿನ ಹನ್ನೊಂದು ಗಂಟೆಗೆ ಫೋನೇ ಬಡಿದುಕೊಂಡಿತು. ಆತ ಅವಸರದಲ್ಲಿ ತಲೆ ಬಾಚಿಕೊಳ್ಳುತ್ತಲೇ ಎತ್ತಿದ.

"ತಿಂಡಿ ಆಯ್ತೇನೋ?" ಚಿಂತಾಮಣಿಯ ಅಕ್ಕ. ಹಿಂದೆ ಎಮ್ಮೆ ಕೂಗುತ್ತಿತ್ತು.

"ಆಯ್ತಕ್ಕ."

"ಆರೋಗ್ಯ?"

"ಚೆನ್ನಾಗೈತೆ."

"ಇನ್ಮೇಲೆ ದಿನಾ ಮಾಡ್ತೀನಿ. ಸರಿ, ಹಾಲು ಉಕ್ತದೆ, ಇಡ್ತೀನಿ ಕಣಪ್ಪ."

ನಲವತ್ತೆಂಟು ಸೆಕೆಂಡು. ಮರುದಿನವೂ ಹನ್ನೊಂದಕ್ಕೇ ಬಂತು, ನಲವತ್ತೊಂದು ಸೆಕೆಂಡು. ಮೂರನೆಯ ದಿನ ಮೂವತ್ತಾರು. ಒಂದು ದಿನವೂ ತಪ್ಪಿಸಲಿಲ್ಲ, ಭಾನುವಾರವೂ ಬಿಡಲಿಲ್ಲ. ಕೇಳಬೇಕಾದ ಮೂರು ಮಾತು ಕೇಳಿ ಇಟ್ಟುಬಿಡುತ್ತಿದ್ದಳು. ಅಕ್ಕನ ಪ್ರೀತಿಯ ಬಗ್ಗೆ ಕನಕರಾಜನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆದರೆ ಇದು ಗುತ್ತಿಗೆ ಕೆಲಸ ಎಂದು ಆತನಿಗೆ ತಿಳಿಯಿತು. ಗುತ್ತಿಗೆಯವರು ಕೆಟ್ಟವರಲ್ಲ, ಅವರಿಗೆ ಮುಗಿಸಿ ಹೋಗುವ ಬೇರೆ ಮನೆಗಳ ಕೆಲಸವಿರುತ್ತದೆ.

ಅದಾದ ಎಂಟನೆಯ ದಿನ ಹನ್ನೊಂದಕ್ಕೆ ಕನಕರಾಜ ಸಿದ್ಧನಾಗಿ ಕೂತಿದ್ದ. ತಿಂಡಿ ಆಯಿತು, ಆರೋಗ್ಯ ಚೆನ್ನಾಗಿದೆ. ಅಕ್ಕ ಇಡುತ್ತೇನೆನ್ನುವ ಮೊದಲೇ ಬಾಯಿ ಹಾಕಿದ.

"ಅಕ್ಕ, ಒಂದು ನಿಮಿಷ. ಅಮ್ಮ ಹುರುಳಿಕಾಳು ಬಸ್ಸಾರು ಮಾಡ್ತಿದ್ಳಲ್ಲ, ಅದಕ್ಕೆ ಕಾಳು ಮೊದ್ಲು ಹುರಿಯೋದಾ, ಹಾಗೇ ಬೇಯಿಸೋದಾ?"

"ಅಯ್ಯೋ ಬೆಪ್ಪೇ, ಇಷ್ಟು ವರ್ಷ ಅಮ್ಮನ ಹತ್ರ ಇದ್ದು ಅಷ್ಟೂ ಗೊತ್ತಿಲ್ವೇನೋ? ಇರು, ಕೂತ್ಕೊಂತೀನಿ. ಏ ಮುದ್ದು, ಹಾಲು ನೀನ್ ನೋಡ್ಕೊಳ್ಳೇ! ಕೇಳಿಲ್ಲಿ ಕನಕ, ಮೊದ್ಲು ಕಾಳನ್ನ ರಾತ್ರೀನೇ ನೆನೆ ಹಾಕ್ಬೇಕು..."

ಅಕ್ಕ ಕಾಳು ನೆನೆಸುವಲ್ಲಿಂದ ಶುರುಮಾಡಿ, ಅಮ್ಮ ಒರಳಲ್ಲಿ ಖಾರ ರುಬ್ಬುತ್ತಿದ್ದದ್ದು, ಒಂದು ಸಲ ಇವನು ಅದೇ ಖಾರದ ಕೈಯನ್ನು ಕಣ್ಣಿಗೆ ಉಜ್ಜಿಕೊಂಡು ಬೀದಿಯೆಲ್ಲ ಓಡಿದ್ದು, ಎಲ್ಲಕ್ಕೂ ಹೋಗಿ ಬಂದಳು. ಕನಕರಾಜ "ಹೂಂ" ಎಂದ. ನಡುವೆ ಎರಡು ಸಲ "ಬೆಳ್ಳುಳ್ಳಿ ಯಾವಾಗ ಹಾಕೋದು?" ಎಂದು ಕೇಳಿದ. ಇಪ್ಪತ್ತೆರಡು ನಿಮಿಷವಾಯಿತು, ಅಕ್ಕ ಇನ್ನೂ ಒಗ್ಗರಣೆಗೆ ಬಂದಿರಲಿಲ್ಲ.

ಒಳಗೆ ಒಲೆಯ ಮೇಲೆ ಅದೇ ಬಸ್ಸಾರು ಆಗಲೇ ಕೊತಕೊತ ಕುದಿಯುತ್ತಿತ್ತು. ಅದರ ಸದ್ದು ಅಕ್ಕನಿಗೆ ಕೇಳಿಸಬಾರದೆಂದು ಕನಕರಾಜ ಫೋನು ಹಿಡಿದುಕೊಂಡೇ ಎದ್ದು ಹೋಗಿ, ಉರಿ ಸಣ್ಣ ಮಾಡಿ ಬಂದ.